ಫೆಲೆತಿ ಬಂದ, ರೇಡಿಯೋ ಆರಿಸಿ

ರೇಡಿಯೋ ಕೇಂದ್ರದ ಜಗಲಿಯ ಬೆಂಚಿನ ಮೇಲೆ ಮಾತೆಲೇನಳ ಮಗ ಫೆಲೆತಿ ಎರಡು ವರ್ಷದಲ್ಲಿ ಹನ್ನೊಂದು ಸಲ ಕೂತು ಬಂದಿದ್ದ. ಪ್ರತಿ ಸಲವೂ ತಾಯಿ ಅವನ ಬಿಳಿ ಅಂಗಿಗೆ ಇದ್ದಿಲಿನ ಇಸ್ತ್ರಿ ಹಾಕಿ, ಮರ್ಯಾದೆಗೆಂದು ಸೊಂಟಕ್ಕೆ ಸುತ್ತುವ ಚಾಪೆಯನ್ನು ಬಿಸಿಲಿಗೆ ಒಣಗಿಸಿ, ಬೇಯಿಸಿದ ಮರಗೆಣಸಿನ ಎರಡು ತುಂಡನ್ನು ಬಾಳೆಲೆಯಲ್ಲಿ ಕಟ್ಟಿಕೊಟ್ಟು ರಾಜಧಾನಿ ನುಕುಅಲೋಫಾದ ಬಸ್ಸು ಹತ್ತಿಸುತ್ತಿದ್ದಳು. ಸಂಜೆ ಬಸ್ಸಿಳಿದು ಬರುವವನ ನಡಿಗೆಯಲ್ಲೇ ಉತ್ತರ ಗೊತ್ತಾಗುತ್ತಿತ್ತು. ಆದರೂ ಕೇಳದೆ ಇರಲು ಅವಳಿಂದ ಆಗುತ್ತಿರಲಿಲ್ಲ.

"ಏನಂದ್ರೋ?"

"ಈಗ ಜಾಗ ಖಾಲಿ ಇಲ್ವಂತೆ. ಮತ್ತೆ ಬಾ ಅಂದ್ರು."

"ಯಾರಂದಿದ್ದು? ದೊಡ್ಡೋರೋ, ಬಾಗಿಲಲ್ಲಿ ಕೂರೋನೋ?"

"ಬಾಗಿಲಲ್ಲಿ ಕೂರೋನು."

"ಬಿಡು, ಅವನ ಮಾತು ಯಾರಿಗೆ ಬೇಕು."

ಮೂಲೆಯಲ್ಲಿ ಕೂತು ಗುದ್ದಲಿಗೆ ಹಿಡಿ ಹಾಕುತ್ತಿದ್ದ ತಂದೆ ಇಸಿಲೇಲಿಗೆ ನಗು ತಡೆಯುತ್ತಿರಲಿಲ್ಲ. "ಮಾತಾಡಿ ಸಂಬಳ ತಗೊಳ್ಳೋದೂ ಒಂದು ಕೆಲಸಾನಾ? ಹಾಗಿದ್ರೆ ಮೊದಲು ನಿಮ್ಮಮ್ಮನಿಗೆ ಕೊಡಬೇಕಿತ್ತು. ಬಾಯಿಂದ ಗೆಡ್ಡೆ ಬೆಳೆಯಲ್ಲ ಕಣೋ, ನಾಳೆ ತೋಟಕ್ಕೆ ಬಾ."

ಫೆಲೆತಿ ತೋಟಕ್ಕೂ ಹೋಗುತ್ತಿದ್ದ, ಸೋಮಾರಿಯಲ್ಲ. ಆದರೆ ಬೆಳಗ್ಗೆ ಹಂದಿಗಳಿಗೆ ಕೊಬ್ಬರಿ ತುಂಡು ಹಾಕುವ ನೆಪದಲ್ಲಿ ಹಟ್ಟಿಯ ಹಿಂದೆ ನಿಂತು ಚರ್ಚಿನ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದ. ಅರಸರ ಬಗ್ಗೆ ಹೇಳುವಾಗ ಬಳಸುವ ಮಾತೇ ಬೇರೆ, ಒಡೆಯರಿಗೆ ಬೇರೆ, ನಮ್ಮಂಥವರಿಗೆ ಬೇರೆ. ಮೂರನ್ನೂ ಊರ ಹಿರಿಯ ಬೋಧಕರ ಹತ್ತಿರ ಕೂತು ಕಲಿತಿದ್ದ. ಅರಸರ ಸವಾರಿಯ ಸುದ್ದಿಯನ್ನು ಅವನು ಓದಿದರೆ ಹಂದಿಗಳೂ ಮೂತಿ ಎತ್ತಿ ಕೇಳುತ್ತಿದ್ದವು ಎಂದು ಮಾತೆಲೇನ ನೆರೆಯವರಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಹನ್ನೆರಡನೆಯ ಸಲ ಅವರಾಗಿಯೇ ಕಾಗದ ಬರೆದು ಕರೆದರು. ದನಿ ಪರೀಕ್ಷೆ. ಮನೆಯಲ್ಲಿ ಅವತ್ತು ಬೆಳಗ್ಗೆಯೇ ಒಂದು ಕೋಳಿ ಹೋಯಿತು. ಸಂಜೆ ಫೆಲೆತಿ ಬಸ್ಸಿಗೆ ಬರಲಿಲ್ಲ. ಕತ್ತಲಾಗುವ ಹೊತ್ತಿಗೆ ಹತ್ತು ಮೈಲಿ ನಡೆದುಕೊಂಡೇ ಬಂದ.

"ದನಿ ಸಾಲದಂತೆ" ಎಂದಷ್ಟೇ ಹೇಳಿ, ಹಿತ್ತಲಿನಲ್ಲಿದ್ದ ತನ್ನ ಗುಡಿಸಲಿಗೆ ಹೋಗಿ ಮಲಗಿದ. ಕೋಳಿಯ ತೊಡೆ ತಟ್ಟೆಯಲ್ಲೇ ಉಳಿಯಿತು.

ನಿಜ ಹೊರಗೆ ಬಂದದ್ದು ನಾಲ್ಕು ದಿನ ಬಿಟ್ಟು. ಮಾತೆಲೇನಳ ತಂಗಿಯ ಮಗಳು ಸೇಲಾ ಅದೇ ಕೇಂದ್ರದಲ್ಲಿ ಟೈಪಿಸ್ಟ್. ಶನಿವಾರ ಬಂದವಳು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅಳುವುದಕ್ಕೇ ಶುರುಮಾಡಿದಳು.

"ದನಿ ಸಾಲದು ಅಂತ ಯಾರಂದ್ರು ದೊಡ್ಡಮ್ಮ? ಸುದ್ದಿ ಓದಿದ. ಸಾವಿನ ಪ್ರಕಟಣೆ ಓದಿದ, ಬಾಗಿಲಲ್ಲಿ ಕೂರೋನೂ ಒಳಗೆ ಬಂದು ನಿಂತ. ಆಮೇಲೆ ಹಾಡಿನ ಕೋರಿಕೆ ಚೀಟಿ ಕೊಟ್ರು. ಯಾವನೋ ತನ್ನ ಹುಡುಗಿಗೆ ಬರೆದಿದ್ದು. ನಿನ್ನ ಕುತ್ತಿಗೆ ಹಾಗಿದೆ, ನಿನ್ನ ತುಟಿ ಹೀಗಿದೆ ಅಂತ. ಗಾಜಿನ ಈಚೆ ನಾನು ಕೂತಿದ್ದೆ. ಅಣ್ಣ ತಲೆ ಎತ್ತಿ ನನ್ನ ನೋಡಿದ. ಅಷ್ಟೇ. ಬಾಯಿ ಕಟ್ಟಿಹೋಯ್ತು."

"ಅಯ್ಯೋ, ನೀನು ಎದ್ದು ಹೋಗಬಾರದಿತ್ತೇನೇ?"

"ಹೋಗಬೇಕಿತ್ತು! ಟೈಪು ಅರ್ಧ ಆಗಿತ್ತು, ಸಾಹೇಬ್ರು ಬೈತಾರೆ ಅಂತ ಕೂತೆ. ಅವರು ನ್ಯೂಜಿಲೆಂಡಿನಿಂದ ಬಂದು ಮೂರು ತಿಂಗಳಾಗಿಲ್ಲ, ಅವರಿಗೇನು ಗೊತ್ತು? ಹುಡುಗ ಹೆದರುಪುಕ್ಕಲ ಅಂದ್ಕೊಂಡ್ರು."

"ನೀನಾದ್ರೂ ಬಿಡಿಸಿ ಹೇಳಬಾರದಾ?"

"ಏನಂತ ಹೇಳ್ಲಿ ದೊಡ್ಡಮ್ಮ? ಅಣ್ಣ ತಂಗಿ ಇರೋ ಕಡೆ ಆಡಬಾರದ ಮಾತು ಅಂತ ಬಿಡಿಸಿ ಹೇಳೋಕೆ, ಆ ಮಾತೇ ಆಡಬೇಕಲ್ಲ!"

ಮಾತೆಲೇನ ಬೆಳೆಸಿದ ಮಗನೇ ಅವನು. ಹತ್ತು ವರ್ಷ ತುಂಬುತ್ತಲೇ ಹಿತ್ತಲಿನ ಗುಡಿಸಲಿಗೆ ಮಲಗಲು ಕಳಿಸಿ, ಅಕ್ಕ ಕೂತ ಚಾಪೆ ತುಳಿಯಬೇಡ, ಅವಳ ಮುಂದೆ ಪೋಲಿ ಮಾತು ಆಡಬೇಡ, ಯಾರಾದರೂ ಆಡಿದರೆ ಎದ್ದು ಹೊರಗೆ ಹೋಗು ಎಂದು ಕಲಿಸಿದವಳು ಅವಳೇ. ಚಿಕ್ಕಮ್ಮನ ಮಗಳೂ ಸ್ವಂತ ತಂಗಿಯಷ್ಟೇ. ಕಲಿಸಿದ್ದನ್ನು ಮಗ ಪಾಲಿಸಿದ, ಕೆಲಸ ಹೋಯಿತು. ಇನ್ನು ಯಾರನ್ನು ಬೈಯುವುದು?

ಸೇಲಾ ಹೋಗುವ ಮುಂಚೆ ಚಾಪೆ ಹೆಣೆಯುತ್ತಿದ್ದ ಲೋಸಲೀನಳ ಬಳಿ ಹತ್ತು ನಿಮಿಷ ಪಿಸುಗುಟ್ಟಿ ಹೋದಳು. ಲೋಸಲೀನ, ಮನೆಯವರ ಬಾಯಲ್ಲಿ ಲೋಸಾ, ಫೆಲೆತಿಯ ಅಕ್ಕ, ಅವನಿಗಿಂತ ಎರಡು ವರ್ಷ ದೊಡ್ಡವಳು. ಇಪ್ಪತ್ತೇಳಾಗಿತ್ತು. ಮಂಗಳವಾರ ದಾರ ತರಬೇಕೆಂದು ಪಟ್ಟಣಕ್ಕೆ ಹೋದ ಲೋಸಾ ದಾರ ತರಲಿಲ್ಲ. ಕೆಲಸ ತಂದಳು.

"ಹೆಣ್ಣು ದನಿ ಬೇಕಿತ್ತಂತೆ" ಎಂದಳು ಊಟಕ್ಕೆ ಕೂತಾಗ. ಫೆಲೆತಿ ಎಂದಿನಂತೆ ಅಡುಗೆಯ ಗುಡಿಸಲಲ್ಲಿ ಬೇರೆ ಉಣ್ಣುತ್ತಿದ್ದ. "ಮಧ್ಯಾಹ್ನ ದೂರದ ದ್ವೀಪದಲ್ಲಿರೋರಿಗೆ ಮನೆಯೋರ ಸಂದೇಶ, ಸಂಜೆ ಏಳಕ್ಕೆ ಸುದ್ದಿ, ಅದಾದ ಮೇಲೆ ಹಾಡಿನ ಕೋರಿಕೆ. ಸೋಮವಾರದಿಂದ ಬಾ ಅಂದ್ರು."

ಮಾತೆಲೇನಳ ಕೈಯಲ್ಲಿದ್ದ ಕೆಸುವಿನ ಗೆಡ್ಡೆ ಅಲ್ಲೇ ನಿಂತಿತು. "ನಿನಗೆ ಬೇರೆ ದಿನ ಸಿಗಲಿಲ್ವೇನೇ? ಅವನ ಗಾಯ ಇನ್ನೂ ಹಸಿಯಾಗಿದೆ."

"ಅವನ ಕೆಲಸ ನಾನು ಕಿತ್ಕೊಂಡಿಲ್ಲಮ್ಮ. ಅದು ಅವನ ಕೈಗೆ ಬಂದೇ ಇರಲಿಲ್ಲ."

"ಹಾಡಿನ ಕೋರಿಕೆ ಓದ್ತೀಯಾ? ಊರೆಲ್ಲಾ ಕೇಳೋ ಹಾಗೆ?"

"ಓದ್ತೀನಿ. ನಾನೇನು ಬರೆದದ್ದಲ್ಲ, ಓದೋದು ಅಷ್ಟೇ. ಹನ್ನೆರಡು ವರ್ಷದಿಂದ ಮರದ ತೊಗಟೆ ಬಡಿದು ಬಟ್ಟೆ ಮಾಡ್ತಿದ್ದೀನಿ. ಈ ಊರಿಗೆ ನನ್ನ ಕೊಡತಿ ಸದ್ದು ಗೊತ್ತು, ನನ್ನ ದನಿ ಯಾರಿಗಮ್ಮ ಗೊತ್ತು?"

ಇಸಿಲೇಲಿ ತಟ್ಟೆ ಸರಿಸಿದ. "ಕೂಗಾಡಬೇಡಿ. ಭಾನುವಾರ ಅಕ್ಕ ಬರ್ತಾಳೆ. ಅವಳು ಹೇಳಿದ ಹಾಗೆ."

ಅಕ್ಕ ಎಂದರೆ ಇಸಿಲೇಲಿಯ ಅಕ್ಕ ಅಕೋಸಿತಾ. ಮನೆಗೆ ಯಜಮಾನ ಇಸಿಲೇಲಿಯಾದರೂ ಯಜಮಾನನಿಗೆ ಯಜಮಾನಿ ಅವಳು. ತಮ್ಮನ ಮಕ್ಕಳ ವಿಷಯದಲ್ಲಿ ಸೋದರತ್ತೆಯ ಮಾತಿಗೆ ಎದುರಿಲ್ಲ. ಎದುರಾಡಿದರೆ ಒಲೆಯ ಕುಳಿಯಲ್ಲಿಟ್ಟ ಗೆಡ್ಡೆಯೂ ಬೇಯುವುದಿಲ್ಲ ಎನ್ನುತ್ತಾರೆ. ಭಾನುವಾರ ಚರ್ಚು ಮುಗಿಸಿ ಬಂದ ಅಕೋಸಿತಾ ಹೊಸ ಚಾಪೆಯ ಮೇಲೆ ಕೂತು, ಕೆಸುವಿನೆಲೆಯಲ್ಲಿ ತೆಂಗಿನ ಹಾಲಿನೊಂದಿಗೆ ಬೇಯಿಸಿದ ಮಾಂಸದ ಪೊಟ್ಟಣ ಎರಡು ಬಿಚ್ಚಿ, ಮೂರನೆಯದಕ್ಕೆ ಕೈ ಹಾಕುವವರೆಗೂ ಯಾರೂ ಬಾಯಿ ಬಿಡಲಿಲ್ಲ.

"ಓದಲಿ. ನಮ್ಮ ತಾಯಿಯ ಹೆಸರಿಟ್ಟ ಹುಡುಗಿ. ಆ ಹೆಸರು ದೇಶವೆಲ್ಲಾ ಕೇಳಲಿ" ಎಂದಳು ಅಕೋಸಿತಾ.

ಅಲ್ಲಿಗೆ ಮುಗಿಯಿತು.

ಮೊದಲ ಸಂಜೆ ಊರಿಗೆ ಊರೇ ರೇಡಿಯೋ ಮುಂದಿತ್ತು. "ಓದುತ್ತಿರುವವಳು ಲೋಸಲೀನ" ಎಂದು ಮಗಳ ದನಿ ಬಂದಾಗ ಮಾತೆಲೇನಳಿಗೆ ಮೈ ಜುಮ್ಮೆಂದಿತು. ಹೆಮ್ಮೆಯಾಯಿತು, ಸುಳ್ಳೇಕೆ ಹೇಳಬೇಕು? ಆದರೆ ಕಣ್ಣು ಮಾತ್ರ ಹಿತ್ತಲಿನ ಕಡೆಗೇ ಹೋಯಿತು. ಗುಡಿಸಲಲ್ಲಿ ದೀಪವಿರಲಿಲ್ಲ. ಫೆಲೆತಿ ಗಂಡಸರು ಸೇರಿ ಕಾವಾ ಬೇರಿನ ರಸ ಕುಡಿಯುವ ಮನೆಗೆ ಹೋಗಿದ್ದ.

ಅಲ್ಲಿ ನಡೆದದ್ದನ್ನು ಇಸಿಲೇಲಿ ಬಂದು ಹೇಳಿದ. ಗಂಡಸರು ಸುತ್ತ ಕೂತು ಕಾವಾ ಕುಡಿಯುವಾಗ ಬಟ್ಟಲು ತುಂಬಿಕೊಡಲು ಒಬ್ಬ ಹುಡುಗಿ ಕೂರುತ್ತಾಳೆ. ಕೂತವರಲ್ಲಿ ಯಾರಿಗೂ ಅವಳು ಅಕ್ಕತಂಗಿಯಾಗಿರಬಾರದು, ಏಕೆಂದರೆ ಎಲ್ಲರೂ ಅವಳನ್ನು ರೇಗಿಸುತ್ತಾರೆ. ಅವತ್ತು ರೇಡಿಯೋದಲ್ಲಿ ಪ್ರೇಮದ ಚೀಟಿ ಶುರುವಾದದ್ದೇ ತಡ, ಯಾರೋ "ಆಹಾ, ಈ ದನಿ ಬಡಿಸಿದ್ರೆ ನಾನು ಇಪ್ಪತ್ತು ಬಟ್ಟಲು ಕುಡೀತೀನಿ" ಅಂದ. ಎಲ್ಲರೂ ನಕ್ಕರು. ನಕ್ಕ ಮೇಲೆ ಮೂಲೆಯಲ್ಲಿ ಫೆಲೆತಿ ಕಂಡ. ನಗು ಅಲ್ಲೇ ಸತ್ತಿತು. ಅಂದವನು ಎದ್ದು ಬಂದು ಫೆಲೆತಿಯ ಕೈ ಹಿಡಿದು ಕ್ಷಮೆ ಕೇಳಿದ. ಮನೆಯವನು ರೇಡಿಯೋ ಆರಿಸಿದ.

"ಒಳ್ಳೇದೇ ಮಾಡಿದ್ರಲ್ಲ" ಎಂದಳು ಮಾತೆಲೇನ.

"ಒಳ್ಳೇದೇ. ಆದ್ರೆ ಅವನ ಮುಖ ನೀನು ನೋಡಲಿಲ್ಲ."

ಒಳ್ಳೆಯದು ಮುಂದುವರಿಯಿತು. ಅಂಗಡಿಗೆ ಫೆಲೆತಿ ಸೀಮೆಎಣ್ಣೆಗೆ ಹೋದರೆ ಅಂಗಡಿಯವನು ಮೊದಲು ರೇಡಿಯೋ ಆರಿಸುತ್ತಿದ್ದ, ಆಮೇಲೆ ಎಣ್ಣೆ ಅಳೆಯುತ್ತಿದ್ದ. ಬಸ್ಸಿನಲ್ಲೂ ಹಾಗೆ, ಬೋಧಕರ ಮನೆಯಲ್ಲೂ ಹಾಗೆ. ಸುದ್ದಿ ಬರುತ್ತಿದ್ದರೂ ಸರಿ, ಸಾವಿನ ಪ್ರಕಟಣೆ ಬರುತ್ತಿದ್ದರೂ ಸರಿ, ಮುಂದೆ ಯಾವ ಮಾತು ಬರುತ್ತದೋ ಯಾರಿಗೆ ಗೊತ್ತು, ಎಂದು ಮುಂಚೆಯೇ ಆರಿಸಿಬಿಡುತ್ತಿದ್ದರು. ಒಂದು ವಾರದಲ್ಲಿ ಮಕ್ಕಳಿಗೂ ಅದು ಪಾಠವಾಯಿತು. ಅವನ ನೆರಳು ಕಂಡರೆ ಸಾಕು, "ಫೆಲೆತಿ ಬಂದ, ರೇಡಿಯೋ ಆರಿಸಿ!" ಎಂದು ಮನೆಯಿಂದ ಮನೆಗೆ ಕೂಗು ಹೋಗುತ್ತಿತ್ತು. ಎಲ್ಲವೂ ಮರ್ಯಾದೆಗೇ. ಬೈದರೆ ತಿರುಗಿ ಬೈಯಬಹುದು. ಮರ್ಯಾದೆ ಮಾಡಿದವರನ್ನು ಏನು ಮಾಡುವುದು? ಎಂಟನೆಯ ವಯಸ್ಸಿನಿಂದ ರೇಡಿಯೋಕ್ಕೆ ಕಿವಿ ಹಚ್ಚಿಕೊಂಡು ಬೆಳೆದವನಿಗೆ ಇಡೀ ಊರಿನಲ್ಲಿ ಕೇಳಲು ಒಂದು ರೇಡಿಯೋ ಇಲ್ಲದಂತಾಯಿತು.

ಹಟ್ಟಿಯ ಹಿಂದೆ ಪತ್ರಿಕೆ ಓದುವುದು ನಿಂತಿತು.

"ಅವಳಿಗೆ ಹೇಳಮ್ಮ" ಎಂದ ಒಂದು ಬೆಳಗ್ಗೆ ತಾಯಿಗೆ. "ಹಾಡು ಬಿಟ್ಟು ಬೇರೆ ಏನು ಬೇಕಾದ್ರೂ ಓದಲಿ."

ಅಕ್ಕನಿಗೆ ಅವನು ಹೇಳುವಂತಿಲ್ಲ. ಆ ಮಾತನ್ನು ಮಾತೆಲೇನ ಹೊತ್ತುಕೊಂಡು ಲೋಸಾಳ ಬಳಿ ಹೋದಳು. ಲೋಸಾ ಕೂದಲಿಗೆ ತೆಂಗಿನೆಣ್ಣೆ ಹಚ್ಚುತ್ತಿದ್ದಳು.

"ಅಲ್ಲಿ ಕೇಳಿ ನೋಡಿದ್ದೀನಮ್ಮ, ನೀನು ಹೇಳೋಕೆ ಮುಂಚೆಯೇ. ಹಾಡಿಗೇ ನಿನ್ನ ತಗೊಂಡಿದ್ದು, ಅದು ಬೇಡ ಅಂದ್ರೆ ನೀನೂ ಬೇಡ ಅಂದ್ರು ಸಾಹೇಬ್ರು."

"ಹಾಗಾದ್ರೆ ಬಿಟ್ಟುಬಿಡು."

ಲೋಸಾ ಎಣ್ಣೆಯ ಬಟ್ಟಲು ಕೆಳಗಿಟ್ಟಳು. "ಅವನಿಗೆ ಸಿಗದೆ ಇದ್ದಾಗ ನೀನು ಎರಡು ವರ್ಷ ಇಸ್ತ್ರಿ ಹಾಕಿಕೊಟ್ಟೆ. ನನಗೆ ಸಿಕ್ಕಿದ ಮೇಲೆ ಎರಡು ತಿಂಗಳಲ್ಲಿ ಬಿಡು ಅಂತೀಯಾ? ನನ್ನ ಅಂಗಿಗೆ ಒಂದು ದಿನ ಇಸ್ತ್ರಿ ಹಾಕಿದ್ದೀಯಾ?"

ಹಾಕಿರಲಿಲ್ಲ. ಮಾತೆಲೇನಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಆದರೂ ಮಗನ ಸಂಕಟ ನೋಡಲಾಗದೆ, ಮದುವೆಯಾಗಿ ಮೂವತ್ತು ವರ್ಷದಲ್ಲಿ ಮೊದಲ ಸಲ, ಗಂಡನ ಅಕ್ಕನ ಮನೆಗೆ ತಾನಾಗಿ ಹೋಗಿ ಹೊಸ್ತಿಲ ಹೊರಗೆ ಕೂತಳು.

"ಅತ್ತಿಗೆ, ನೀವೇ ಒಂದು ಮಾತು ಹೇಳಿ. ಹುಡುಗ ಒಣಗಿಹೋಗ್ತಿದ್ದಾನೆ."

ಅಕೋಸಿತಾ ಬೀಸಣಿಗೆ ಬೀಸುತ್ತಾ ಕೇಳಿದಳು: "ಸೋದರಿ ಇರೋ ಕಡೆ ಅಂಥ ಮಾತು ಬಂದ್ರೆ ಏಳಬೇಕಾದೋರು ಯಾರು?"

"ಗಂಡು ಮಗ."

"ಹೌದಲ್ಲ. ಗಂಡು ಎದ್ದು ಹೋಗಬೇಕು ಅಂತ ಪದ್ಧತಿ ಇದೆ. ಹೆಣ್ಣು ಬಾಯಿ ಮುಚ್ಚಬೇಕು ಅಂತ ನಾನೆಲ್ಲೂ ಕೇಳಿಲ್ಲ. ಹೋಗು, ಒಲೆ ನೋಡ್ಕೋ."

ಮುಂದಿನ ವಾರ ಫೆಲೆತಿ ಎದ್ದು ಹೋದ. ಸುಮ್ಮನೆ ಅಲ್ಲ, ದೋಣಿ ಹತ್ತಿ ಹಾಪಾಯಿ ಕಡೆಯ ಒಂದು ಸಣ್ಣ ದ್ವೀಪಕ್ಕೆ. ಅಲ್ಲಿ ಕೊಬ್ಬರಿ ಮೂಟೆ ತೂಗುವ ಕೆಲಸವಿತ್ತು. ಬಂದರಿನಲ್ಲಿ ಮಾತೆಲೇನ ಒಬ್ಬಳೇ ನಿಂತಿದ್ದಳು. ಅದೇ ಹೊತ್ತಿಗೆ ಲೋಸಾ ಮಧ್ಯಾಹ್ನದ ಸಂದೇಶ ಓದುತ್ತಿದ್ದಳು, ಯಾರದೋ ಹಂದಿ, ಯಾರದೋ ಹೆರಿಗೆ.

ಆರು ವಾರದ ನಂತರ ದೋಣಿಯವನೊಬ್ಬ ಕಾಗದ ತಂದುಕೊಟ್ಟ.

"ಅಮ್ಮಾ, ನಾನು ಚೆನ್ನಾಗಿದ್ದೇನೆ. ಇಲ್ಲಿ ಒಂದೇ ರೇಡಿಯೋ, ಅಂಗಡಿ ಮುಂದೆ. ಸಂಜೆ ಎಲ್ಲರೂ ಸೇರುತ್ತಾರೆ. ನನಗೆ ಅಕ್ಕ ಇದ್ದಾಳೆಂದು ಇಲ್ಲಿ ಯಾರಿಗೂ ಹೇಳಿಲ್ಲ. ಹೇಳಿದರೆ ಇಲ್ಲೂ ಆರಿಸುತ್ತಾರೆ. ಸುದ್ದಿ ಮುಗಿಯುವವರೆಗೆ ಕೂತು ಕೇಳುತ್ತೇನೆ, ಹಾಡಿನ ಹೊತ್ತಿಗೆ ಹಂದಿಗೆ ಹಾಕಬೇಕೆಂದು ಎದ್ದುಬಿಡುತ್ತೇನೆ. ಚೆನ್ನಾಗಿ ಓದುತ್ತಾಳೆ. ಒಡೆಯರ ಹೆಸರುಗಳನ್ನು ಸ್ವಲ್ಪ ನಿಧಾನಕ್ಕೆ ಓದಲಿ. ಮತ್ತೆ, ಸುದ್ದಿ ಮುಗಿದ ಕೂಡಲೇ ಹಾಡಿಗೆ ಹಾರಿಬಿಡುತ್ತಾಳೆ. ನಡುವೆ ಒಂದು ಉಸಿರು ತೆಗೆದುಕೊಳ್ಳಬೇಕು. ನನಗೆ ಏಳುವುದಕ್ಕೂ ಹೊತ್ತು ಸಾಲುವುದಿಲ್ಲ. ನಾನು ಹೇಳಿದೆ ಎನ್ನಬೇಡ."

ಮಾತೆಲೇನ ಆ ಕಾಗದವನ್ನು ಬೈಬಲ್ಲಿನಲ್ಲಿಟ್ಟು ಯಾರಿಗೂ ತೋರಿಸಲಿಲ್ಲ. ಮಗ ತನಗೆ ಅಕ್ಕನೇ ಇಲ್ಲವೆಂಬಂತೆ ಇದ್ದು ಅವಳ ದನಿ ಕೇಳುತ್ತಿದ್ದಾನೆ. ಇದಕ್ಕೆ ಸಂತೋಷಪಡಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ.

ಆಮೇಲೆ ಇಸಿಲೇಲಿ ಮಳೆಯಲ್ಲಿ ನೆನೆದು ಎದೆ ಕಟ್ಟಿ ಮಲಗಿದ. ಮೂರನೆಯ ದಿನ ಜ್ವರದಲ್ಲಿ ಎಚ್ಚರ ತಪ್ಪಿ ಮಗನ ಹೆಸರು ಕರೆಯತೊಡಗಿದ. ದ್ವೀಪಕ್ಕೆ ತಂತಿಯಿಲ್ಲ, ದೋಣಿ ಅಲ್ಲಿಂದ ಹೊರಡುವುದು ಗುರುವಾರ. ದಾರಿ ಒಂದೇ. ಮಂಗಳವಾರ ಬೆಳಗ್ಗೆ ಲೋಸಾ ಕೆಲಸಕ್ಕೆ ಹೋದ ಮೇಲೆ, ನೆರೆಯವಳನ್ನು ಗಂಡನ ಬಳಿ ಕೂರಿಸಿ, ಮಾತೆಲೇನ ಬಸ್ಸು ಹತ್ತಿ ಕೇಂದ್ರಕ್ಕೆ ಹೋದಳು.

ಸಂದೇಶ ಬರೆಸಿಕೊಳ್ಳುವ ಕಿಟಕಿಯಲ್ಲಿ ಸೇಲಾ ಇದ್ದಳು. ಬರೆದುಕೊಂಡಳು: ಫೆಲೆತಿಗೆ. ತಂದೆಗೆ ಕಾಯಿಲೆ ಜೋರಾಗಿದೆ. ಗುರುವಾರದ ದೋಣಿಗೆ ಬಾ.

"ಯಾರಿಂದ ಅಂತ ಹಾಕ್ಲಿ ದೊಡ್ಡಮ್ಮ? ಲೋಸಲೀನ, ತಂದೆ, ತಾಯಿ ಅಂತ?"

ಮನೆಯ ಸಂದೇಶವೆಂದರೆ ಕೊನೆಯಲ್ಲಿ ಹೆಸರುಗಳು ಬರಬೇಕು, ಹಿರಿಯ ಮಗಳದು ಮೊದಲು. ಬಿಟ್ಟರೆ ಅವಳು ಸತ್ತಿರಬೇಕು, ಇಲ್ಲವೇ ಮನೆ ಅವಳನ್ನು ಬಿಟ್ಟಿರಬೇಕು. ಮಾತೆಲೇನಳ ಕಣ್ಣ ಮುಂದೆ ಆ ದ್ವೀಪದ ಅಂಗಡಿ ಬಂತು. ದಿನಾ "ಓದುತ್ತಿರುವವಳು ಲೋಸಲೀನ" ಎಂದು ಕೇಳುವ ಜನ. ಆ ಹೆಸರು ಫೆಲೆತಿಯ ಹೆಸರಿನ ಜೊತೆ ಬಂದರೆ, ಇನ್ನು ಜೀವಮಾನವಿಡೀ ಅಲ್ಲಿಯೂ ಆರಿಸುತ್ತಾರೆ.

"ಲೋಸಾ ಹೆಸರು ಬೇಡ. ತಂದೆ ತಾಯಿ ಅಂತ ಹಾಕು, ಸಾಕು."

"ದೊಡ್ಡಮ್ಮ! ಓದೋಳೇ ಅವಳು!"

"ಬೇಡ ಅಂದ್ನಲ್ಲ."

ಅವಳು ಜಗಲಿಯ ಬೆಂಚಿನ ಮೇಲೆ, ಮಗ ಹನ್ನೆರಡು ಸಲ ಕೂತ ಜಾಗದಲ್ಲಿ ಕೂತಳು. ಗೋಡೆಯ ಪೆಟ್ಟಿಗೆಯಿಂದ ಮಗಳ ದನಿ ಬರುತ್ತಿತ್ತು. ಒಂದೊಂದೇ ಸಂದೇಶ ದಾಟಿ ಇವರದು ಬಂತು. "...ಗುರುವಾರದ ದೋಣಿಗೆ ಬಾ. ಇಂತಿ..." ಎಂದು ಲೋಸಾ ನಿಂತಳು. ಎಷ್ಟು ಹೊತ್ತು ನಿಂತಳೆಂದರೆ ಬಾಗಿಲಲ್ಲಿ ಕೂರುವವನು ತಲೆಯೆತ್ತಿ ಪೆಟ್ಟಿಗೆಯನ್ನು ನೋಡಿದ. "...ತಂದೆ, ತಾಯಿ" ಎಂದು ಮುಗಿಸಿ ಅವಳು ಮುಂದಿನದಕ್ಕೆ ಹೋದಳು.

ಆ ರಾತ್ರಿ ಮನೆಗೆ ಬಂದ ಲೋಸಾ ಚಪ್ಪಲಿ ಬಿಡಲಿಲ್ಲ, ಬಾಗಿಲಲ್ಲೇ ನಿಂತು ಕೇಳಿದಳು: "ನಾನು ಸತ್ತೆನಾ?"

ಮಾತೆಲೇನ ಬೈಬಲ್ಲಿನಿಂದ ಕಾಗದ ತೆಗೆದುಕೊಟ್ಟಳು. ಲೋಸಾ ನಿಂತೇ ಓದಿದಳು. ಎರಡನೆಯ ಸಲ ಕೂತು ಓದಿದಳು. ಆಮೇಲೆ ಮಡಚಿ ಹಿಂದಕ್ಕೆ ಕೊಟ್ಟು, ತಂದೆಯ ಎದೆಗೆ ಎಣ್ಣೆ ತಿಕ್ಕಲು ಹೋದಳು. ಮರುದಿನ ಬೆಳಗ್ಗೆ ಮಾತೆಲೇನ ಇದ್ದಿಲು ಹೊತ್ತಿಸಿ ಮಗಳ ಅಂಗಿಗೆ ಇಸ್ತ್ರಿ ಹಾಕಿದಳು. ಲೋಸಾ ಅದನ್ನು ತೊಟ್ಟುಕೊಂಡು ಹೋದಳು.

ಶುಕ್ರವಾರ ಮಧ್ಯಾಹ್ನ ಫೆಲೆತಿ ಬಂದ. ಅಷ್ಟರಲ್ಲಿ ಇಸಿಲೇಲಿಯ ಜ್ವರ ಬಿಟ್ಟಿತ್ತು, ಮಗನನ್ನು ನೋಡಿ, "ಬಂದ್ಯಾ? ತೋಟದಲ್ಲಿ ಕಳೆ ಮೊಣಕಾಲುದ್ದ ಆಗಿದೆ" ಎಂದ. ಬದುಕುತ್ತಾನೆ ಎಂದು ಆ ಮಾತಿನಲ್ಲೇ ಗೊತ್ತಾಯಿತು. ಸಂಜೆ ಮಾತೆಲೇನ ಮಗನಿಗೆ ಮೀನು, ಸುಟ್ಟ ಗೆಡ್ಡೆ ಬಡಿಸಿ ಎದುರಿಗೆ ಕೂತಳು.

"ಸಂದೇಶ ಸರಿಯಾಗಿ ಕೇಳಿಸ್ತಾ?"

"ಕೇಳಿಸ್ತು." ಅವನು ಮುಳ್ಳು ಬಿಡಿಸುತ್ತಾ ಇದ್ದ. "ಕೊನೇಲಿ ನಿಂತುಬಿಟ್ಟಳಲ್ಲ. ಅಂಗಡಿ ಮುಂದೆ ಹತ್ತು ಜನ ಇದ್ವಿ. ಅಂಗಡಿಯೋನು, ಯಾಕಪ್ಪಾ ಈಕೆ ನಿಂತಳು, ಪೆಟ್ಟಿಗೆ ಕೆಟ್ಟೋಯ್ತಾ ಅಂತ ಅದರ ತಲೆ ಮೇಲೆ ಕುಟ್ಟೋಕೆ ಹೋದ."

"ಆಮೇಲೆ?"

"ಕುಟ್ಟಬೇಡ, ಅವಳು ನನ್ನ ಅಕ್ಕ ಅಂದೆ."

"ಏನಂದ್ರು?"

"ಏನೂ ಅನ್ನಲಿಲ್ಲ. ಅಂಗಡಿಯೋನು ಕೈ ಚಾಚಿ ರೇಡಿಯೋ ಆರಿಸಿದ."

ಒಳಗಿನಿಂದ ಇಸಿಲೇಲಿ ಕೆಮ್ಮುತ್ತಾ ಕೂಗಿದ: "ಏಳಾಯ್ತು ಕಣೇ, ರೇಡಿಯೋ ಹಾಕು. ನನ್ನ ಮಗಳು ಓದೋದು ನನಗೆ ಬೇಕು. ಯಾರಿಗೆ ಬೇಡ್ವೋ ಅವರು ಎದ್ದು ಹೋಗಲಿ."

ಮಾತೆಲೇನ ಮಗನ ಮುಖ ನೋಡಿದಳು. "ಹಾಕಮ್ಮ" ಎಂದ ಫೆಲೆತಿ.

ಆ ಮನೆಯಲ್ಲಿ ಅವನು ರೇಡಿಯೋದಲ್ಲಿ ಅಕ್ಕನ ದನಿ ಕೇಳಿದ್ದು ಅದೇ ಮೊದಲು. ಹೊಸ್ತಿಲ ಮೇಲೆ ಕೂತು, ಮೊಣಕಾಲ ಮೇಲೆ ಗಲ್ಲವೂರಿ ಕೇಳಿದ. ಬಂದರಿನ ಸುದ್ದಿ, ಬಾಳೆಗೊನೆಯ ಧಾರಣೆ, ವಾವಾಉ ದ್ವೀಪಗಳ ಕಡೆಯ ಒಬ್ಬ ಒಡೆಯರ ಮರಣ. ಒಡೆಯರ ಹೆಸರು ಬಂದಾಗ ಲೋಸಾ ನಿಧಾನಿಸಿ, ಒಂದಕ್ಷರವನ್ನೂ ನುಂಗದೆ ಓದಿದಳು. ಫೆಲೆತಿ ತಲೆದೂಗಿದ. ಅದನ್ನು ಮಾತೆಲೇನ ನೋಡಿದಳು.

"ಸುದ್ದಿ ಮುಗಿಯಿತು" ಎಂದಿತು ರೇಡಿಯೋ. "ಇನ್ನು ಹಾಡಿನ ಕೋರಿಕೆಗಳು."

ಅಲ್ಲಿಗೆ ದನಿ ನಿಂತಿತು.

"ಕೆಟ್ಟೋಯ್ತಾ?" ಎಂದ ಇಸಿಲೇಲಿ ಒಳಗಿನಿಂದ.

"ಇಲ್ಲ, ಸುಮ್ನಿರಿ" ಎಂದಳು ಮಾತೆಲೇನ.

ಫೆಲೆತಿ ಎದ್ದ. ಗೋಡೆಗಾನಿಸಿದ್ದ ಕೊಬ್ಬರಿಯ ಬಕೆಟ್ಟು ಎತ್ತಿಕೊಂಡು, ಆತುರವಿಲ್ಲದೆ ಅಂಗಳ ಇಳಿದು, ಹಟ್ಟಿ ದಾಟಿ, ಬೇಲಿಯಾಚೆ ಮರೆಯಾದ. ಅಷ್ಟು ಹೊತ್ತೂ ರೇಡಿಯೋ ಮಾತಾಡಲಿಲ್ಲ. ಅವನು ಕಾಣದಾದ ಮೇಲೆ ಲೋಸಾ ಮೊದಲ ಚೀಟಿ ಓದಲು ಶುರುಮಾಡಿದಳು.